ಬಿಸಿಲಿಗೆ ಒಣಗಿದ ಹನಿಗಳು

ಹೋಗಿಲ್ಲ, ಇನ್ನೂ ಇದೆ, ತೆಳ್ಳನೆಯ ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಬಾನೆಟ್ಟಿನ ಮೇಲೆ ಸವರಿದರೆ ಬೆರಳ ತುದಿಗೆ ಸಿಕ್ಕೇ ಸಿಕ್ಕುತ್ತದೆ, ಬರಿಗೈಗೆ ನುಣುಪಾಗಿದ್ದದ್ದು ಚೀಲದೊಳಗಿನ ಕೈಗೆ ಉಪ್ಪಿನ ಹರಳು ಚೆಲ್ಲಿದ ಮೇಜಿನ ಹಾಗೆ ಜರಿಜರಿ ಅನ್ನುತ್ತದೆ — ಈ ಉಪಾಯವನ್ನು ಅವನು ಎಷ್ಟು ಜನಕ್ಕೆ ಹೇಳಿಕೊಟ್ಟಿಲ್ಲ, ವರ್ಕ್‌ಶಾಪಿಗೆ ಹೊಸದಾಗಿ ಸೇರಿದವರಿಗೆಲ್ಲ ಮೊದಲ ಪಾಠ ಇದೇ, ಕಣ್ಣನ್ನ ನಂಬಬೇಡ್ರಿ, ಕಣ್ಣು ಹೊಳಪಿಗೆ ಮರುಳಾಗುತ್ತೆ, ಕೈಯನ್ನ ಕೇಳ್ರಿ ಅನ್ನುತ್ತಿದ್ದ, ಅವರು ಬೆನ್ನ ಹಿಂದೆ ಪೇಂಟ್ ಮೇಷ್ಟ್ರು ಪಾಠ ಶುರು ಮಾಡಿದ್ರು ಅಂತ ಮುಸಿಮುಸಿ ನಗುತ್ತಿದ್ದರು, ನಗಲಿ, ಮೂವತ್ತೆರಡು ವರ್ಷ ಕಾರುಗಳಿಗೆ ಬಣ್ಣ ಹೊಡೆದ ಕೈ ಇದು, ಹೊಡೆದು ಒಣಗಿದ ಬಣ್ಣದ ಮೇಲೆ ಒಮ್ಮೆ ಆಡಿಸಿದರೆ ಎಲ್ಲಿ ತೆಳು ಎಲ್ಲಿ ದಪ್ಪ, ಎಲ್ಲಿ ಧೂಳು ಕೂತಿದೆ, ಯಾವ ಬಾಗಿಲು ಹಿಂದೆ ಯಾವಾಗಲೋ ಗುದ್ದಿಸಿಕೊಂಡಿದೆ ಎಲ್ಲ ಹೇಳುತ್ತದೆ, ಅಂಥ ಕೈ ಬೆಳಿಗ್ಗೆ ಏಳರಿಂದ ಈ ಒಂದು ಬಾನೆಟ್ಟಿನ ಮೇಲೆ ಓಡಾಡಿ ಓಡಾಡಿ ಈಗ ಹನ್ನೊಂದಾದರೂ ಹೇಳುತ್ತಿರುವುದು ಒಂದೇ, ಇದೆ, ಇನ್ನೂ ಇದೆ, ಅಂಗಿಯ ಗುಂಡಿಯಷ್ಟಗಲದ ಬಿಳಿ ಉಂಗುರಗಳು, ಒಂದರ ಪಕ್ಕ ಒಂದು, ಒಂದರೊಳಗೆ ಇನ್ನೊಂದು, ನೀರು ಒಂದು ದಿನ ಇಲ್ಲಿ ನಿಂತಿತ್ತು ಅನ್ನುವುದಕ್ಕೆ ಸಾಕ್ಷಿ ಹೇಳಲು ಕೂತ ಹಾಗೆ ಕೂತಿವೆ.

ನಾಲ್ಕು ಗಂಟೆಗೆ ನಾದಿನಿ ಬರುತ್ತಾಳೆ, ಬಂದು ಕಾರು ತೆಗೆದುಕೊಂಡು ಹೋಗುತ್ತಾಳೆ, ಅಷ್ಟರೊಳಗೆ ಮುಗಿಯಬೇಕು, ಅವಳೇನೂ ಹೀಗೇ ಇರಬೇಕು ಹಾಗೇ ಇರಬೇಕು ಅನ್ನುವವಳಲ್ಲ, ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಕೈಕಾಲು ಆಡಿಸಿ ನಡೆಯಲು ಕಲಿಸುವವಳು, ಅವಳಿಗೆ ಕಾರು ಓಡಿದರೆ ಆಯಿತು, ಆದರೂ ಹೆಂಡತಿಯ ಕಾರು, ಹೆಂಡತಿ ತನ್ನ ತಂಗಿಗೆ ಕೊಡಿ ಅಂತ ಬಾಯಿಬಿಟ್ಟು ಹೇಳಿ ಹೋದ ಕಾರು, ಅದನ್ನು ಹೀಗೆ ಮುಖದ ತುಂಬ ಕಲೆ ಇಟ್ಟುಕೊಂಡು ಹೇಗೆ ಕಳಿಸುವುದು, ಅದೂ ಪೇಂಟರನ ಮನೆಯಿಂದ. ಕಡುನೀಲಿ ಬಣ್ಣ ಬೇಡ ಅಂತ ಅವನು ಅವತ್ತು ಷೋರೂಮಿನಲ್ಲಿ ಬಡಕೊಂಡಿದ್ದ, ಬಿಳಿ ತಗೋ, ಇಲ್ಲ ಬೂದಿ ಬಣ್ಣ ತಗೋ, ಕಡು ಬಣ್ಣ ಎಲ್ಲಾನೂ ತೋರಿಸುತ್ತೆ ಕಣೆ, ಒಂದು ಗೀರು ಬಿದ್ರೂ ಊರಿಗೆಲ್ಲ ಕಾಣುತ್ತೆ ಅಂದಿದ್ದ, ಅವಳು ಆ ನೀಲಿಯ ಮೇಲಿನಿಂದ ಕಣ್ಣು ತೆಗೆಯದೆ, ತೋರಿಸ್ಲಿ ಬಿಡಿ, ನಮ್ಮದೇನು ಮುಚ್ಚಿಡೋ ಅಂಥದ್ದಿದೆ ಅಂದಿದ್ದಳು, ಮಾರುವವನೂ ನಕ್ಕಿದ್ದ, ಸರ್, ಮೇಡಂ ಗೆದ್ದರು ಅಂದಿದ್ದ. ಶಾಲೆಯ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ ಪುಸ್ತಕಕ್ಕೆ ಕಂದು ಕಾಗದದ ರಟ್ಟು ಹಾಕಿ, ಬೆನ್ನಿಗೆ ಚೀಟಿ ಅಂಟಿಸಿ, ಮಾತಾಡಬೇಡಿ ಮಾತಾಡಬೇಡಿ ಅಂತ ಮಕ್ಕಳಿಗೆ ಪಿಸುದನಿಯಲ್ಲೇ ಗದರಿಸುತ್ತಿದ್ದವಳು ನಲವತ್ತಾರನೆಯ ವಯಸ್ಸಿನಲ್ಲಿ ಕಾರು ಕಲಿತಳು, ಅವನು ಪಕ್ಕದಲ್ಲಿ ಕೂತು ತಿರುವು ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ಬಲವಾಗಿ ತುಳಿಯುತ್ತಿದ್ದ, ರೀ ಅಲ್ಲಿ ಬ್ರೇಕ್ ಇಲ್ಲ, ಸುಮ್ಮನೆ ಯಾಕೆ ಚಪ್ಪಲಿ ಸವೆಸ್ತೀರ ಅನ್ನುತ್ತಿದ್ದಳು, ಗೇರು ಬದಲಿಸುವಾಗ ತುಟಿ ಒಳಗೆ ಎಳೆದುಕೊಳ್ಳುತ್ತಿದ್ದಳು, ಹಿಮ್ಮುಖ ಬರುವಾಗ ಕಾರಿಗೆ ಬಾ ಬಾ, ನಿಧಾನ, ಬಾ ತಾಯಿ ಅಂತ ಪಿಸುಗುಟ್ಟುತ್ತಿದ್ದಳು, ಅದಕ್ಕೆ ಕೇಳಿಸುತ್ತೆ ಅನ್ನುವ ಹಾಗೆ.

ಬೆಳಿಗ್ಗೆ ಮೊದಲು ಬರೀ ಸೋಪುನೀರಿನಲ್ಲಿ ತೊಳೆದ, ಮಾಳಿಗೆಯ ನೆರಳಿನಲ್ಲಿ, ತಗಡು ತಣ್ಣಗಿದ್ದಾಗ, ಆಮೇಲೆ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಬಟ್ಟೆ ಅದ್ದಿ ಕಲೆಯ ಮೇಲೆ ಒಂದು ನಿಮಿಷ ಹೊದಿಸಿಟ್ಟ, ಜ್ವರ ಬಂದವರ ಹಣೆಗೆ ಹಾಕಿದ ಹಾಗೆ — ಹಣೆ, ಆ ಹಣೆ ಕೊನೆಕೊನೆಗೆ ಎಷ್ಟು ಚಿಕ್ಕದಾಗಿತ್ತು, ಅಂಗೈ ಇಟ್ಟರೆ ಮುಖವೆಲ್ಲ ಮುಚ್ಚುತ್ತಿತ್ತು — ಬಟ್ಟೆ ತೆಗೆದು ನೋಡಿದರೆ ಮೇಲಿನ ಪುಡಿ ಮಾತ್ರ ಕರಗಿದೆ, ಉಂಗುರ ಉಂಗುರವಾಗಿಯೇ ಇದೆ, ಅಂದರೆ ಇದು ಮೇಲೆ ಕೂತ ಸುಣ್ಣವಲ್ಲ, ಒಳಗೆ ಇಳಿದಿದೆ, ಬಣ್ಣದ ಮೇಲೆ ಹೊಡೆಯುವ ಬಣ್ಣವಿಲ್ಲದ ಆ ಪದರ, ಕ್ಲಿಯರ್ ಕೋಟು, ಅದನ್ನೇ ತಿಂದು ಗುಳಿ ಮಾಡಿದೆ. ಮೇಲ್ಮನೆಯ ನಿವೃತ್ತ ಬಸ್ ಕಂಡಕ್ಟರ್ ಮಹಡಿಯ ಕಂಬಿಗೆ ಹೊಟ್ಟೆ ಆನಿಸಿ ಆಗಲೇ ಎರಡು ಸಲ ಇಣುಕಿ ಹೋಗಿದ್ದಾನೆ, ಯಜಮಾನ್ರೇ ಹಲ್ಲುಜ್ಜೋ ಪೇಸ್ಟ್ ಹಾಕಿ ಉಜ್ಜಿ, ನಮ್ಮ ಡಿಪೋದಲ್ಲಿ ಬಸ್ಸಿನ ಲೈಟಿಗೆಲ್ಲ ಅದನ್ನೇ ಹಾಕ್ತಿದ್ದಿದ್ದು, ಪಳಪಳ ಅಂತಿತ್ತು ಅಂದ, ಅದಕ್ಕೆ ಇವನು ಹೂಂ ಅಂದ, ಬಸ್ಸಿನಲ್ಲಿ ಟಿಕೆಟ್ ಹರಿದವನು ಬಣ್ಣದ ಬಗ್ಗೆ ಹೇಳುವುದು, ಹೇಳಲಿ, ಕಂಡಕ್ಟರಿಗೆ ಹೊತ್ತು ಹೋಗುವುದಿಲ್ಲ, ಈ ಕಂಬಿಯ ಮೇಲೆ ಒರಗಿಯೇ ಅವನು ಕೆಳಗಿನ ಮನೆಯ ಸಂಸಾರವನ್ನೆಲ್ಲ ನೋಡಿದ್ದಾನೆ, ಅವತ್ತೂ ಅಲ್ಲೇ ನಿಂತಿದ್ದ, ಅವತ್ತು — ಅವತ್ತೇ ವಿನೆಗರ್ ಹಾಕಿ ಒರೆಸಿದ್ದರೆ ಅರ್ಧ ಗಂಟೆಯ ಕೆಲಸ, ಅರ್ಧ ಗಂಟೆಯೂ ಬೇಡ, ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತಿತ್ತು, ಹಸಿ ಕಲೆ ಹೋಗುವುದೇನು ಮಹಾ, ಅದನ್ನು ಎರಡು ಬೇಸಿಗೆ ಬಿಸಿಲಿಗೆ ಬಿಟ್ಟು ಬೇಯಿಸಿದವನು ಯಾರು.

ಅವತ್ತು ಬಣ್ಣದ ಕೋಣೆಯ ಕಂಪ್ರೆಸರ್ ಕೆಟ್ಟು ಮಧ್ಯಾಹ್ನಕ್ಕೇ ಕೆಲಸ ನಿಂತಿತ್ತು, ಅವನು ಎಂದೂ ಬರದ ಹೊತ್ತಿಗೆ ಮನೆಗೆ ಬಂದ, ಬಂದರೆ ನಡುಬಿಸಿಲಲ್ಲಿ ಕಾರು ನಿಂತಿದೆ, ನೆರಳಿಗೂ ಸರಿಸಿಲ್ಲ, ತೊಟ್ಟಿಯ ಗಡಸು ನೀರು ಎರಚಿ ತೊಳೆದಿದ್ದಾಳೆ, ಕೆಟಲಿನ ತಳದಲ್ಲಿ ಬೆಳ್ಳಗೆ ಸುಣ್ಣದ ಹಕ್ಕಳೆ ಕಟ್ಟುವ ನೀರು ಅದು, ತಗಡು ಕಾದು ಹಂಚಾಗಿದೆ, ಹನಿಗಳು ನೋಡನೋಡುತ್ತಿದ್ದ ಹಾಗೆ ಆರಿ ಒಂದೊಂದೂ ಒಂದೊಂದು ಬಿಳಿ ಉಂಗುರ ಬಿಡುತ್ತಿವೆ, ಅವಳು ತೋಳು ಮಡಚಿಕೊಂಡು ಬಕೆಟ್ಟಿನ ಪಕ್ಕ ನಿಂತಿದ್ದಾಳೆ, ಮುಖ ಕೆಂಪಾಗಿದೆ, ಬಿಸಿಲಿಗೆ ಅಂದುಕೊಂಡ, ಬಿಸಿಲಿಗೇ ಇರಬೇಕು ಅಂದುಕೊಂಡ. ಗ್ರಂಥಾಲಯಕ್ಕೆ ಯಾಕೆ ಹೋಗಿಲ್ಲ ಅಂತ ಕೇಳಲಿಲ್ಲ, ಆ ದಿನ ರಜೆಯಲ್ಲ, ವಾರದ ನಡುವಿನ ದಿನ, ಅದು ಅವನಿಗೆ ಹೊಳೆಯಲೇ ಇಲ್ಲ, ಕಣ್ಣು ಬಾನೆಟ್ಟಿಗೆ ಅಂಟಿಕೊಂಡಿತ್ತು, ಬಾಯಿಗೆ ಬಂದದ್ದು, ಗೋಡೆ ತೊಳೆದ ಹಾಗೆ ತೊಳೆದಿದ್ದೀಯಲ್ಲ, ಮೂವತ್ತು ವರ್ಷ ನನ್ನ ಜೊತೆ ಇದ್ದು ಇಷ್ಟೂ ಕಲೀಲಿಲ್ವಾ ನೀನು. ಮೆಲ್ಲಗೆ ಹೇಳಿದ್ದರೆ ಇರಲಿ, ಬೀದಿಗೆ ಕೇಳುವ ಹಾಗೆ ಹೇಳಿದ, ಮೇಲೆ ಕಂಡಕ್ಟರ್ ನಿಂತಿರುವುದು ಕಂಡಿತ್ತು, ಕಂಡಿದ್ದಕ್ಕೇ ಇನ್ನಷ್ಟು ಹೇಳಿದನೋ ಏನೋ, ಪುಸ್ತಕದ ಧೂಳು ಹೊಡೆದ ಹಾಗಲ್ಲ ಇದು, ಇದಕ್ಕೆ ಬುದ್ಧಿ ಬೇಕು ಅಂದ. ಅವಳು ತಡೀರಿ ಒರೆಸ್ತೀನಿ, ಈಗಲೇ ಒರೆಸಿಬಿಡ್ತೀನಿ ಅಂತ ಬಟ್ಟೆ ಹಿಡಿದು ಬಗ್ಗಿದಳು, ಅವನು ಬಟ್ಟೆ ಕಿತ್ತುಕೊಂಡ, ಮುಟ್ಟಬೇಡ, ಇರಲಿ ಹಾಗೇ, ದಿನಾ ಹತ್ತುವಾಗ ಇಳಿಯುವಾಗ ನೋಡು, ಆಗ ನೆನಪಿರುತ್ತೆ ಅಂದ. ಎಂಥ ಮಾತು, ಬೇರೆಯವರ ಕಾರಿನ ಮೇಲೆ ಒಂದು ಹಕ್ಕಿಹಿಕ್ಕೆ ಕಂಡರೂ ತಡೆಯದೆ ಕರ್ಚೀಫು ತೆಗೆಯುವವನು ತನ್ನ ಮನೆಯ ಕಾರಿನ ಮೇಲೆ ಕಲೆಯನ್ನು ಬೇಕೆಂದೇ ಉಳಿಸಿದ, ಪಾಠ ಕಲಿಸಲು, ಪೇಂಟ್ ಮೇಷ್ಟ್ರು ತಾನೇ.

ಆಮೇಲೆ ಐದು ದಿನ ಮಾತಿಲ್ಲ, ಮುಖ ಊದಿಸಿಕೊಂಡು ತಿರುಗಿದ, ತಟ್ಟೆ ಇಟ್ಟರೆ ಉಂಡ, ಕೇಳಿದ್ದಕ್ಕೆ ಹೂಂ ಉಹೂಂ, ಮೊದಲ ದಿನ ಸಂಜೆಯೇ ಅವಳು ಎದುರಿನ ಕುರ್ಚಿ ಎಳೆದುಕೊಂಡು ಕೂತಿದ್ದಳು, ಕೈ ಎರಡೂ ಮೇಜಿನ ಮೇಲೆ ಜೋಡಿಸಿಟ್ಟು, ರೀ, ನಿಮ್ಮ ಹತ್ರ ಒಂದು ಮಾತು ಅಂದಳು, ಅವನು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದ, ತಪ್ಪಾಯಿತು ಅನ್ನಲು ಬಂದಿದ್ದಾಳೆ, ಕಾಯಲಿ ಸ್ವಲ್ಪ, ಅಷ್ಟು ಬೇಗ ಬಗ್ಗಿದರೆ ಬೆಲೆಯಿರುವುದಿಲ್ಲ ಅಂತ ಒಳಗೊಳಗೇ ಗೆದ್ದವನ ಹಾಗೆ, ಪೇಪರಿನಲ್ಲಿ ಏನಿತ್ತೋ ಒಂದಕ್ಷರ ನೆನಪಿಲ್ಲ, ಪೇಪರಿನ ಕೆಳಗಿನಿಂದ ಅವಳ ಬೆರಳು ಮಾತ್ರ ಕಾಣುತ್ತಿತ್ತು, ಸ್ವಲ್ಪ ಹೊತ್ತಿಗೆ ಬೆರಳು ಹೋದವು, ಕುರ್ಚಿ ಹಿಂದೆ ಸರಿದ ಸದ್ದಾಯಿತು. ಆರನೆಯ ದಿನ ತಾನಾಗಿಯೇ ಎಲ್ಲ ಸರಿಹೋಯಿತು, ಸಂಸಾರದಲ್ಲಿ ಸರಿಹೋಗುವ ಹಾಗೆ, ಅವಳೂ ಆ ಮಾತು ಎತ್ತಲಿಲ್ಲ, ಇವನೂ ಕೇಳಲಿಲ್ಲ, ನಲವತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದವನ ಮುಂದೆ ನಿಂತು, ಇವತ್ತು ಕೆಲಸಕ್ಕೆ ಹೋಗಬೇಡಿ, ಆಸ್ಪತ್ರೆಗೆ ಹೋಗೋಣ, ಡಾಕ್ಟರು ನಿಮ್ಮನ್ನೂ ಕರ್ಕೊಂಡು ಬಾ ಅಂದಿದ್ದಾರೆ ಅಂದಳು, ಎಷ್ಟು ಸಮಾಧಾನದಿಂದ ಅಂದಳು, ಪುಸ್ತಕ ವಾಪಸು ಕೊಡುವ ದಿನ ಮೀರಿದೆ ಅಂತ ಹೇಳುವ ಹಾಗೆ. ಆಮೇಲೆ ಹನ್ನೊಂದು ತಿಂಗಳು, ಆಸ್ಪತ್ರೆಯ ಬಯಲಲ್ಲಿ ಕಾರು ನಿಲ್ಲಿಸಿ ಒಳಗೆ ಹೋದರೆ ಎಷ್ಟೋ ಸಲ ಮೂರು ದಿನ ನಾಲ್ಕು ದಿನ ಹೊರಗೇ ಬರುತ್ತಿರಲಿಲ್ಲ, ಕಲೆಯ ಗೋಜು ಯಾರಿಗಿತ್ತು, ಒಮ್ಮೆ ಮಾತ್ರ ಅವನು ತಡೆಯಲಾರದೆ ಡಾಕ್ಟರನ್ನು ಕೇಳಿದ್ದ, ಒಂದು ತಿಂಗಳು ಮೊದಲು ಬಂದಿದ್ದರೆ ಉಳೀತಿದ್ದಳಾ, ಡಾಕ್ಟರು ತಲೆ ಅಲ್ಲಾಡಿಸಿ, ಇಲ್ಲ, ಇದರಲ್ಲಿ ಒಂದು ತಿಂಗಳು ಹೆಚ್ಚುಕಡಿಮೆ ಏನೂ ಆಗ್ತಿರಲಿಲ್ಲ, ಆ ಕೊರಗು ಇಟ್ಕೋಬೇಡಿ ಅಂದಿದ್ದರು, ಅವನು ಇಟ್ಟುಕೊಳ್ಳಲಿಲ್ಲ, ನಿಜವಾಗಿಯೂ ಇಟ್ಟುಕೊಳ್ಳಲಿಲ್ಲ, ಅವಳು ಹೋಗಿ ನಾಲ್ಕು ತಿಂಗಳಾಯಿತು, ಊಟ ಮಾಡುತ್ತಾನೆ, ಮಲಗುತ್ತಾನೆ, ಕೆಲಸಕ್ಕೆ ಹೋಗುತ್ತಾನೆ.

ಜೇಡಿಮಣ್ಣಿನ ಹದದ ಕ್ಲೇ ಉಂಡೆಯನ್ನು ಹಿಚುಕಿ ಚಪ್ಪಟೆ ಮಾಡಿ ಸೋಪುನೀರು ಚಿಮುಕಿಸಿ ಬಾನೆಟ್ಟಿನ ಮೇಲೆ ಮೆಲ್ಲಗೆ ಜಾರಿಸಿದ, ಕೈಗೆ ಸಿಗುತ್ತಿದ್ದ ಜರಿಜರಿ ಹೋಯಿತು, ಚೀಲದೊಳಗಿನ ಕೈ ಈಗ ಸುಮ್ಮನಾಯಿತು, ಆದರೆ ಟಾರ್ಚು ಓರೆಯಾಗಿ ಹಿಡಿದರೆ ಉಂಗುರಗಳು ಹಾಗೇ ಇವೆ, ಇನ್ನು ಉಳಿದದ್ದು ಮೆಷಿನ್ನು ಒಂದೇ, ತಿರುಗುವ ಸ್ಪಂಜಿಗೆ ಪಾಲಿಶು ಬಳಿದು ಮೇಲಿನ ಪದರವನ್ನೇ ಒಂದು ಕೂದಲಿನಷ್ಟೂ ಅಲ್ಲ, ಅದಕ್ಕಿಂತ ಕಡಿಮೆ ಸವೆಸಿ ಗುಳಿಯ ಮಟ್ಟಕ್ಕೆ ಇಳಿಸುವುದು, ಕಲೆ ತೆಗೆಯುವುದು ಅನ್ನುತ್ತಾರೆ, ಕಲೆ ತೆಗೆಯುವುದಲ್ಲ, ಕಲೆಯ ಸುತ್ತ ಇರುವ ಒಳ್ಳೆಯದನ್ನೂ ತೆಗೆಯುವುದು, ಅದಕ್ಕೇ ಒಂದೇ ಕಡೆ ನಿಲ್ಲಬಾರದು, ಕೈ ಓಡುತ್ತಲೇ ಇರಬೇಕು, ಅಂಚುಗಳಿಗೆ ಟೇಪು ಅಂಟಿಸಿರಬೇಕು, ಸ್ಪಂಜು ಬೆಳ್ಳಗಿರುವವರೆಗೂ ಸರಿ, ಅದಕ್ಕೆ ಕಾರಿನ ಬಣ್ಣ ಹತ್ತಿತೋ ಮುಗಿಯಿತು, ಮೇಲಿನ ಪದರ ದಾಟಿದೆ ಅಂತ ಅರ್ಥ, ಅದಕ್ಕೆ ಮದ್ದಿಲ್ಲ, ಮೂವತ್ತೆರಡು ವರ್ಷದಲ್ಲಿ ಅವನ ಸ್ಪಂಜಿಗೆ ಒಂದು ಸಲವೂ ಬಣ್ಣ ಹತ್ತಿಲ್ಲ, ವರ್ಕ್‌ಶಾಪಿನಲ್ಲಿ ಅದನ್ನು ಕತೆಯಂತೆ ಹೇಳುತ್ತಾರೆ. ಎರಡು ಬಾಗಿಲು ಮುಗಿಸಿದ, ಕಾರಿನ ನೆತ್ತಿಯ ತಗಡು ಮುಗಿಸಿದ, ಬಾನೆಟ್ಟಿನ ಬಲ ಅರ್ಧ ಮುಗಿಯುತ್ತ ಬಂತು, ಉಂಗುರಗಳು ಒಂದೊಂದಾಗಿ ಮಸುಕಾಗಿ ಕಾಣದಾದವು, ಅವುಗಳ ಜಾಗದಲ್ಲಿ ಆ ನೀಲಿ, ಷೋರೂಮಿನಲ್ಲಿ ಅವಳು ಕಣ್ಣು ತೆಗೆಯದೆ ನೋಡಿದ ನೀಲಿ, ಅದರಲ್ಲಿ ಕಂಡಕ್ಟರನ ಮಹಡಿ, ಕಂಬಿ, ಒಣಹಾಕಿದ ಬನಿಯನ್ನು, ತನ್ನ ಮುಖ, ತನ್ನ ಮುಖ ಎಷ್ಟು ಮುದಿಯಾಗಿದೆ. ಗೇಟು ಕಿರ್ ಅಂದಿತು, ತಿರುಗಿದರೆ ನಾದಿನಿ, ನಾಲ್ಕಕ್ಕೆ ಬರುವವಳು ಎರಡಕ್ಕೇ ಬಂದಿದ್ದಾಳೆ, ರೋಗಿಯೊಬ್ಬರು ಮಗಳ ಮನೆಗೆ ಹೋದರಂತೆ, ಬೇಗ ಬಿಡುವಾಯಿತು ಭಾವ, ನೀವು ಕೆಲಸ ಮುಗಿಸಿ, ನಾನಿಲ್ಲಿ ಕೂತಿರ್ತೀನಿ ಅಂದವಳು ಮೆಟ್ಟಿಲ ಮೇಲೆ ಕೂತಳು, ಅಕ್ಕ ಕೂರುತ್ತಿದ್ದ ಹಾಗೇ, ಮಂಡಿ ಜೋಡಿಸಿ, ಬ್ಯಾಗು ತೊಡೆಯ ಮೇಲೆ.

ಮೆಷಿನ್ನಿನ ಸದ್ದು ದೊಡ್ಡದೇನಲ್ಲ, ಗುಂಯ್ ಅಂತ ಒಂದೇ ಸಮನೆ, ಅದರ ನಡುವೆಯೂ ಮಾತಾಡಬಹುದು, ಅವಳು ಅದೂ ಇದೂ ಕೇಳಿದಳು, ಊಟ ಆಯ್ತಾ, ಮಂಡಿನೋವು ಹೇಗಿದೆ, ಹೇಳಿಕೊಟ್ಟ ವ್ಯಾಯಾಮ ಮಾಡ್ತಿದ್ದೀರಾ ಇಲ್ಲ ಸುಳ್ಳು ಹೇಳ್ತೀರಾ, ಅವನು ಹೂಂ ಅಂದ, ಎರಡಕ್ಕೂ ಹೂಂ ಅಂದರೆ ಹೇಗೆ ಭಾವ ಅಂತ ನಕ್ಕಳು, ಆಮೇಲೆ ಎದ್ದು ಬಂದು ಬಾನೆಟ್ಟಿನ ಎಡ ಅರ್ಧದ ಮೇಲೆ ಬಗ್ಗಿ ಬೆರಳಿನಿಂದ ಒಂದು ಉಂಗುರದ ಸುತ್ತ ಗೆರೆ ಎಳೆದಳು, ಇವು ಅವತ್ತಿನವೇ ಅಲ್ವಾ, ಅಕ್ಕ ಬಿಸಿಲಲ್ಲಿ ತೊಳೆದಳಲ್ಲ ಅವತ್ತಿನವು ಅಂದಳು. ಅವನು ತಲೆಯಾಡಿಸಿದ, ಕೈ ಓಡುತ್ತಿತ್ತು, ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ. ಪಾಪ ಎಂಥ ತಲೆ ಅವಳದ್ದು ಅಂತ ನಾದಿನಿ ತನಗೇ ಹೇಳಿಕೊಳ್ಳುವ ಹಾಗೆ ಹೇಳತೊಡಗಿದಳು, ಆಸ್ಪತ್ರೆ ಗೇಟಿನವನು ಮುಂದಿನ ಗಾಜಿನ ಮೂಲೆಗೆ ಪಾರ್ಕಿಂಗ್ ಚೀಟಿ ಅಂಟಿಸಿಬಿಟ್ಟಿದ್ದನಂತೆ, ಅದನ್ನ ನೆನೆಸಿ ಕಿತ್ತಳಂತೆ, ಕಿತ್ತರೆ ಧೂಳಿನ ನಡುವೆ ಅಷ್ಟು ಜಾಗ ಮಾತ್ರ ಸ್ವಚ್ಛ, ನಿನ್ನ ಭಾವನ ಕಣ್ಣಿಗೆ ಅದು ಬೀಳದೆ ಇರುತ್ತಾ, ಅದಕ್ಕೇ ಕಾರು ಪೂರ್ತಿ ತೊಳೆದುಬಿಟ್ಟೆ ಕಣೆ ಅಂದಳು ನನಗೆ, ಸಂಜೆ ನಾನೇ ಕೂರಿಸಿಕೊಂಡು ಹೇಳ್ತೀನಿ, ಚೀಟಿ ನೋಡಿ ಗೊತ್ತಾಗೋದು ಬೇಡ ಅಂತ. ಮೆಷಿನ್ನು ಗುಂಯ್ ಅನ್ನುತ್ತಿದೆ, ಯಾವ ಆಸ್ಪತ್ರೆ, ಯಾವ ಚೀಟಿ, ನಾದಿನಿ ಹೇಳುತ್ತಲೇ ಇದ್ದಾಳೆ, ಅದಕ್ಕೂ ಮುಂಚೆ ರಿಪೋರ್ಟ್ ಕೈಗೆ ಬಂದ ತಕ್ಷಣ ನನಗೇ ಫೋನ್ ಮಾಡಿದ್ದು, ಕಾರಲ್ಲಿ ಕೂತು, ಹಿಂದೆ ಟಪ್ ಟಪ್ ಅಂತ ಸದ್ದು ಬರ್ತಿತ್ತು, ಏನೇ ಅದು ಅಂದೆ, ವೈಪರ್ ಅಂದಳು, ಅಲ್ಲಿ ಮಳೆನಾ ಅಂದೆ, ಇಲ್ಲ, ಬಿಸಿಲು ಅಂದಳು, ಮತ್ತೆ ಯಾಕೆ ಹಾಕಿದ್ದೀಯ ಅಂದೆ, ಆಗ ರಿಪೋರ್ಟಿನ ವಿಷಯ ಹೇಳಿದಳು. ಇಲ್ಲಿ ನಾದಿನಿ ತಡೆದಳು, ಅವನ ಮುಖ ನೋಡಿದಳು, ನಿಮಗೆ ಗೊತ್ತಿತ್ತಲ್ವಾ ಭಾವ, ಅಕ್ಕ ಅವತ್ತು ಸಂಜೆನೇ ನಿಮಗೆ ಹೇಳಿದೆ ಅಂದಿದ್ದಳು ನನಗೆ.

ಹೇಳಿದೆ ಅಂದಿದ್ದಳು, ತಂಗಿಗೆ ಹಾಗೆ ಅಂದಿದ್ದಳು, ಗಂಡ ಪೇಪರು ಅಡ್ಡ ಹಿಡಿದ ಅನ್ನಲಿಲ್ಲ, ಬೀದಿಗೆ ಕೇಳುವ ಹಾಗೆ ಬೈದ ಅನ್ನಲಿಲ್ಲ, ಹೇಳಿದೆ ಕಣೆ, ಅವರು ಇದ್ದಾರೆ, ಎಲ್ಲ ನೋಡಿಕೊಳ್ತಾರೆ ಅಂದಿರಬೇಕು, ಅವಳ ದನಿ ಕೇಳಿಸುತ್ತದೆ, ನಲವತ್ತು ದಿನ ತಂಗಿಯ ಹತ್ತಿರವೂ ಸುಳ್ಳು, ಗಂಡನ ಹತ್ತಿರ ಮೌನ, ಬೆಳಿಗ್ಗೆ ಎದ್ದು ಚಹಾ ಮಾಡಿ, ಗ್ರಂಥಾಲಯಕ್ಕೆ ಹೋಗಿ, ರಟ್ಟು ಹಾಕಿ, ಬಂದು, ಅಡಿಗೆ ಮಾಡಿ, ಪಕ್ಕದಲ್ಲಿ ಮಲಗಿ, ನಲವತ್ತು ದಿನ, ದಿನಾ ಹತ್ತುವಾಗ ಇಳಿಯುವಾಗ ಆ ಉಂಗುರಗಳನ್ನು ನೋಡುತ್ತಾ, ನೋಡು, ಆಗ ನೆನಪಿರುತ್ತೆ ಅಂದವನು ಅವನೇ, ಅವಳಿಗೆ ಆ ಕಲೆ ನೋಡಿದಾಗಲೆಲ್ಲ ಏನು ನೆನಪಾಗುತ್ತಿತ್ತು, ಒಂದು ತಿಂಗಳಿನಿಂದ ಏನೂ ಆಗುತ್ತಿರಲಿಲ್ಲ ಅಂದರು ಡಾಕ್ಟರು, ರೋಗಕ್ಕೆ ಏನೂ ಆಗುತ್ತಿರಲಿಲ್ಲ, ನಿಜ, ರೋಗದ ಮಾತು ಬೇರೆ — ಗೊತ್ತಿತ್ತು ಅಂದ ಅವನು. ತನ್ನ ದನಿ ತನಗೇ ಕೇಳಿಸಿತು, ಗೊತ್ತಿತ್ತು, ಹೇಳಿದ್ದಳು, ಅವತ್ತು ಸಂಜೆನೇ ಹೇಳಿದಳು. ಅವಳು ಹೇಳಿದ ಸುಳ್ಳನ್ನು ಹಾಗೇ ಉಳಿಸುವುದು ಬಿಟ್ಟರೆ ಅವಳಿಗಾಗಿ ಈಗ ಮಾಡಲು ಇನ್ನೇನಿದೆ, ನಾದಿನಿ ಅವನನ್ನೇ ನೋಡುತ್ತಿದ್ದಾಳೆ, ಹಾಸಿಗೆ ಹಿಡಿದವರ ಕೈಕಾಲು ಮುಟ್ಟಿ ನೋವಿಲ್ಲ ಅನ್ನುವವರಿಗೆ ಎಲ್ಲಿ ನೋವಿದೆ ಅಂತ ಹುಡುಕುವ ಕಣ್ಣು ಅದು, ಅವನು ತಲೆ ತಗ್ಗಿಸಿದ, ತಗ್ಗಿಸಿದಾಗ ಕಂಡಿತು, ಕೈ ಓಡುವುದನ್ನು ಯಾವಾಗಲೋ ನಿಲ್ಲಿಸಿದೆ, ಮೆಷಿನ್ನು ಒಂದೇ ಕಡೆ ನಿಂತು ತಿರುಗುತ್ತಿದೆ, ಬಿಳಿ ಸ್ಪಂಜಿನ ಸುತ್ತ ನೀಲಿ, ಕಡುನೀಲಿ, ಹಸಿ ಶಾಯಿಯ ಹಾಗೆ.

ಗುಂಡಿ ಒತ್ತಿ ನಿಲ್ಲಿಸಿದ, ಒರೆಸಿ ನೋಡಿದರೆ ಅಂಗೈಯಗಲ ಜಾಗದಲ್ಲಿ ಬಣ್ಣ ತೆಳುವಾಗಿ ಅದರಡಿಯ ಮೊದಲ ಲೇಪದ ಬೂದು ಇಣುಕುತ್ತಿದೆ. ಇದೇನು ಭಾವ ಇಲ್ಲಿ ಬೇರೆ ಥರ ಕಾಣುತ್ತಲ್ಲ ಅಂದಳು ನಾದಿನಿ, ಅದು ನನ್ನ ಕೈ ತಪ್ಪು, ಕಲೆ ಅಲ್ಲ, ನಾನು ಮಾಡಿದ್ದು ಅಂದ, ಬಿಟ್ಟು ಹೋಗು, ಬಾನೆಟ್ಟು ಪೂರ್ತಿ ಹೊಸದಾಗಿ ಬಣ್ಣ ಹೊಡೆದು ವಾರದಲ್ಲಿ ಕೊಡ್ತೀನಿ ಅಂದ, ನಾಳೆ ಬೆಳಿಗ್ಗೆ ಮೂರು ಮನೆಗೆ ಹೋಗಬೇಕು, ಇರಲಿ ಬಿಡಿ ಭಾವ, ಕಾರು ಓಡೋದಕ್ಕೆ ಬಾನೆಟ್ಟಿನ ಬಣ್ಣ ಬೇಕಾ ಅಂದಳು. ಎಡ ಅರ್ಧದ ಉಂಗುರಗಳನ್ನು ಅವನು ಮುಟ್ಟಲಿಲ್ಲ, ಅವಳೂ ಮುಟ್ಟಿ ಅನ್ನಲಿಲ್ಲ, ಟೇಪು ಕಿತ್ತ, ಕೀಲಿ ಕೊಟ್ಟ, ಕಾಗದಗಳನ್ನು ಕೊಟ್ಟ, ಅವಳು ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟವಳು ಮತ್ತೆ ಹೊರಗೆ ಬಂದು, ನಿಮ್ಮನ್ನ ದೂರೋಕೆ ಆ ಮಾತು ಎತ್ತಲಿಲ್ಲ ಭಾವ, ಸುಮ್ಮನೆ ಕಲೆ ನೋಡಿ ನೆನಪಾಯ್ತು ಅಷ್ಟೇ ಅಂದಳು, ಅವನ ಮುಂಗೈ ಹಿಡಿದು, ಹೆಬ್ಬೆರಳಿನಿಂದ ಒಂದು ಕಡೆ ಒತ್ತಿದಳು, ನೋವಿರುವ ಜಾಗ ಸಿಕ್ಕಿತೇನೋ ಅನ್ನುವ ಹಾಗೆ ಒತ್ತಿ ಹಿಡಿದಿದ್ದಳು, ಆಮೇಲೆ ಹೋದಳು. ಮೇಲಿನಿಂದ ಕಂಡಕ್ಟರ್, ಏನು ಯಜಮಾನ್ರೇ, ಕೊನೆಗೂ ಹೋಯ್ತಾ ಅಂದ, ಕಲೆಯನ್ನು ಕೇಳಿದನೋ ಕಾರನ್ನು ಕೇಳಿದನೋ, ಹೋಯ್ತು ಅಂದ ಅವನು.

ಕಾರು ನಿಂತಿದ್ದ ಜಾಗ ಒಣಗಿದೆ, ಸುತ್ತ ಮಾತ್ರ ಒದ್ದೆ, ಬಕೆಟ್ಟಿನಲ್ಲಿ ಸ್ಪಂಜು ಹಾಕಿ ಹಿಚುಕಿದ, ನೀಲಿ ನೀರು, ಚೆಲ್ಲಿದ, ಮತ್ತೆ ಹಾಕಿದ, ಮತ್ತೆ ನೀಲಿ — ಬಿಸಿಲಲ್ಲಿ ವೈಪರ್ ಯಾಕೆ ಹಾಕುತ್ತಾರೆ, ಕೈತಪ್ಪಿ ಹಾಕಿರಬೇಕು, ಸಿಗ್ನಲ್ಲಿನ ಬದಲು ಅದನ್ನು ಎಳೆದಿರಬೇಕು, ಶುರುವಿನಲ್ಲಿ ಹಾಗೆ ಮಾಡುತ್ತಿದ್ದಳು, ಆದರೆ ನಿಂತ ಕಾರಿನಲ್ಲಿ ಸಿಗ್ನಲ್ ಯಾಕೆ, ಮತ್ತೆ ಕೈತಪ್ಪಿ ಆದದ್ದಾದರೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ, ತಂಗಿಗೆ ಫೋನು ಹಚ್ಚಿ ಮಾತಾಡುವಷ್ಟು ಹೊತ್ತೂ ನಿಲ್ಲಿಸಲಿಲ್ಲ, ಎದುರಿನದೇನೂ ಕಾಣಲಿಲ್ಲವೇನೋ, ಎಲ್ಲ ಕಲಸಿ ಹೋಗಿತ್ತೇನೋ, ಗಾಜು ಒದ್ದೆಯಾಗಿದೆ ಅಂದುಕೊಂಡಳೇನೋ, ಒದ್ದೆಯಾಗಿದ್ದದ್ದು ಗಾಜಲ್ಲ, ಗಾಜಿನ ಈಚೆಗೆ — ಆಸ್ಪತ್ರೆಯ ಬಯಲು, ಸುಡುಬಿಸಿಲು, ನೀಲಿ ಕಾರಿನೊಳಗೆ ಒಬ್ಬಳೇ ಕೂತಿದ್ದಾಳೆ, ತೊಡೆಯ ಮೇಲೆ ಕಾಗದ, ಎದುರಿಗೆ ಒಣಗಾಜು, ಅದರ ಮೇಲೆ ವೈಪರ್ ಆ ಕಡೆಯಿಂದ ಈ ಕಡೆಗೆ ಒರೆಸುತ್ತದೆ, ಟಪ್, ಈ ಕಡೆಯಿಂದ ಆ ಕಡೆಗೆ ಒರೆಸುತ್ತದೆ, ಟಪ್, ಅವಳು ಗಾಜು ತಿಳಿಯಾಗಲಿ ಅಂತ ಕಾಯುತ್ತಿದ್ದಾಳೆ, ಆ ಕಡೆಗೆ, ಟಪ್, ಈ ಕಡೆಗೆ, ಒಣಗಾಜಿನ ಮೇಲೆ, ಬಿಸಿಲಲ್ಲಿ, ಟಪ್